ಹಳದಿ ಗುಂಡಿನ ಲಿವರು ಮತ್ತು ಜೇಜುರಿಯ ದಾರಿ

ಬೆಳಿಗ್ಗೆ ಆರಕ್ಕೆ ಹೊರಡುವುದೆಂದು ಠರಾವಾಗಿತ್ತು. ಪುಣೆಯ ಕೋಥರೂಡದಲ್ಲಿನ ನಮ್ಮ ಸೊಸೈಟಿಯ ಗೇಟು ದಾಟಿದಾಗ ಏಳೂಕಾಲು. ತಡವಾದದ್ದು ಗಂಗತ್ತೆಯಿಂದಲ್ಲ. ಎಪ್ಪತ್ತೆಂಟರ ಆ ಜೀವ ನಸುಕಿನಲ್ಲೇ ಎದ್ದು ಬದನೆಕಾಯಿ ಸುಟ್ಟು, ಭರ್ತ ಮಾಡಿ, ಸಜ್ಜೆರೊಟ್ಟಿ ಬಡಿದು, ಎಲ್ಲವನ್ನೂ ಹಿತ್ತಾಳೆ ಡಬ್ಬಿಗೆ ತುಂಬಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಐದೂವರೆಗೇ ತಯಾರಾಗಿ ಕೂತಿತ್ತು. ತಡವಾದದ್ದು ಆಕೆಯನ್ನು ನಮ್ಮ ಗಾಡಿಗೆ ಹತ್ತಿಸುವುದರಲ್ಲಿ.

ಈ ಗಾಡಿಯ ಕಥೆಯನ್ನು ಮೊದಲು ಹೇಳಬೇಕು. ನಮ್ಮ ಮನೆಯವರು, ಶ್ರೀಧರರಾಯರು, ಕಾರ್ಖಾನೆಯೊಂದರಲ್ಲಿ ನಕಾಶೆ ತೆಗೆಯುವ ಕೆಲಸದವರು. ಮೂರು ವರ್ಷದ ಹಿಂದೆ ಹರಾಜಿನಲ್ಲಿ ಹಳೆಯ ಮಿಲಿಟರಿ ವ್ಯಾನೊಂದನ್ನು ಹಿಡಿದು ತಂದು ಅದರೊಳಗೆ ಸಂಸಾರ ಹೂಡಿದರು. ಎರಡು ಬೆಂಚು ಕೂಡಿಸಿದರೆ ಹಾಸಿಗೆ, ಮೂಲೆಗೆ ಒಂದು ಒಲೆಯ ಗ್ಯಾಸು, ಮೇಲೆ ನೀರಿನ ಟಾಕಿ, ಕಿಟಕಿಗೆ ನನ್ನ ಹಳೆಯ ಇಳಕಲ್ ಸೀರೆಯ ಪರದೆ. "ಇದರಾಗ ಮಲಕೊಂಡು ಇಡೀ ಹಿಂದುಸ್ತಾನ ತಿರಗಬಹುದು" ಎಂದರು. ಆ ಹಿಂದುಸ್ತಾನದ ಪೈಕಿ ನಾವು ಈವರೆಗೆ ನೋಡಿದ್ದು ಲೋಣಾವಳ ಮತ್ತು ಎರಡು ಗ್ಯಾರೇಜು.

ಅದು ಫೋರ್ ವ್ಹೀಲ್ ಡ್ರೈವ್ ಗಾಡಿ. ಗೇರಿನ ಪಕ್ಕದಲ್ಲಿ ಹಳದಿ ಗುಂಡಿನ ಒಂದು ಗಿಡ್ಡ ಲಿವರು ಇದೆ. ಅದನ್ನು ಎಳೆದರೆ ಹಿಂದಿನ ಎರಡು ಚಕ್ರಗಳ ಜೊತೆ ಮುಂದಿನ ಎರಡಕ್ಕೂ ಇಂಜಿನ್ನಿನ ಬಲ ಸಿಗುತ್ತದೆ, ಗಾಡಿ ನಿಧಾನದ ಗೇರಿಗೆ ಬೀಳುತ್ತದೆ. ಕೆಸರು, ಮರಳು, ಏರು ಎಲ್ಲವನ್ನೂ ಗಾಡಿ ತುಳಿದುಕೊಂಡು ಹೋಗುತ್ತದೆ. ಹೀಗೆಂದು ನಮ್ಮವರು ಹೇಳುತ್ತಾರೆ. ನಾನು ನೋಡಿರಲಿಲ್ಲ, ಏಕೆಂದರೆ ಆ ಲಿವರಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ರಬ್ಬರ್ ಬ್ಯಾಂಡು ಹಾಕಿತ್ತು. ಒಮ್ಮೆ ಎಳೆದು ತೋರಿಸಿ ಎಂದರೆ "ಸುಮ್ಮಸುಮ್ಮನ ಸವೀತದ, ಹೊತ್ತಿಗಿರಲಿ" ಎನ್ನುತ್ತಿದ್ದರು. ಮನೆಯ ಕಪಾಟಿನಲ್ಲಿ ಮದುವೆಯ ಬೋನ್‌ಚೈನಾ ಕಪ್ಪುಗಳೂ ಹೀಗೆಯೇ ಹದಿನೆಂಟು ವರ್ಷದಿಂದ ಹೊತ್ತಿಗಾಗಿ ಕಾಯುತ್ತಿವೆ.

ಫೋರ್ ವ್ಹೀಲ್ ಇದೆಯೆಂದೇ ಗಾಡಿ ನೆಲದಿಂದ ಅಷ್ಟು ಎತ್ತರ. ಮಂಡಿನೋವಿನ ಗಂಗತ್ತೆಗೆ ಅದು ಅಟ್ಟ ಹತ್ತಿದ ಹಾಗೆ. ಆಕೆಗಾಗಿ ಸಾಗವಾನಿಯ ಒಂದು ಸ್ಟೂಲು ಗಾಡಿಯಲ್ಲೇ ಇರುತ್ತಿತ್ತು. ಸ್ಟೂಲಿಟ್ಟು, ಮುಂದಿನಿಂದ ನಾನು ಎಳೆದು, ಹಿಂದಿನಿಂದ ವಾಚ್‌ಮನ್ ಹೆಂಡತಿ ನೂಕಿ, ನಡುವೆ ಡಬ್ಬಿ ಓರೆಯಾಗದಂತೆ ಹಿಡಿದು ಹತ್ತಿಸಿದೆವು.

ಅಂದು ಚಂಪಾಷಷ್ಠಿ. ಖಂಡೋಬಾ ನಮ್ಮ ಮನೆದೇವರು. ಧಾರವಾಡದ ಕಡೆ ಮೈಲಾರಲಿಂಗ ಎನ್ನುವ ದೇವರೇ ಇಲ್ಲಿ ಜೇಜುರಿಯ ಗುಡ್ಡದ ಮೇಲೆ ಕೂತಿದ್ದಾನೆ. ಅಂದು ಮಧ್ಯಾಹ್ನದೊಳಗೆ ಅವನಿಗೆ ಬದನೆಕಾಯಿ ಭರ್ತ, ರೊಟ್ಟಿ, ಉಳ್ಳಾಗಡ್ಡಿಯ ನೈವೇದ್ಯ. ಗಂಗತ್ತೆ ನನ್ನ ತಂದೆಯ ತಂಗಿ. ಪುಣೆಯಲ್ಲಿ ಹುಟ್ಟಿ ಮರಾಠಿ ಶಾಲೆಗೆ ಹೋದ ನನ್ನ ಬಾಯಿಗೆ ಕನ್ನಡ ತುಂಬಿದ್ದು ಆಕೆಯೇ. ಚಾತುರ್ಮಾಸದ ವ್ರತ ಹಿಡಿದಾಗಿನಿಂದ ಆಕೆ ಬದನೆಕಾಯಿ ಮುಟ್ಟಿರಲಿಲ್ಲ, ಹಿಂದಿನ ದಿನದಿಂದ ಅನ್ನವನ್ನೇ ಮುಟ್ಟಿರಲಿಲ್ಲ. ನೈವೇದ್ಯವಾದ ಮೇಲೆಯೇ ಊಟ. ಹೋದ ವರ್ಷ ಮಂಡಿಯಿಂದಾಗಿ ಜೇಜುರಿ ತಪ್ಪಿತ್ತು. "ಎರಡು ವರ್ಷ ಸಾಲಾಗಿ ತಪ್ಪಿಸಿದ್ರ ಅಂವಾ ನನ್ನ ಹೆಸರು ಮರೀತಾನ" ಎಂದು ವಾರದಿಂದ ಹೇಳುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು, ಆದರೆ ದಿನಕ್ಕೆ ನಾಲ್ಕು ಸಲ.

ಸ್ವಾರಗೇಟಿನ ಬಸ್ ನಿಲ್ದಾಣದ ಹತ್ತಿರ ಸಿಗ್ನಲ್ಲಿಗೆ ನಿಂತಾಗ ಪಕ್ಕದಲ್ಲೇ ಜೇಜುರಿ ಬೋರ್ಡಿನ ಕೆಂಪು ಬಸ್ಸು. ಇಪ್ಪತ್ತು ರೂಪಾಯಿಯೊಳಗಿನ ಟಿಕೀಟು, ಒಂದೂವರೆ ತಾಸಿನ ದಾರಿ. ಅತ್ತೆ ಪರದೆ ಸರಿಸಿ ಅದನ್ನು ನೋಡಿದಳು. ನಾನು ನಮ್ಮವರನ್ನು ನೋಡಿದೆ. ಅವರು ಸಿಗ್ನಲ್ಲು ನೋಡುತ್ತಿದ್ದರು.

ಹಡಪಸರ ದಾಟಿ ದಿವೆ ಘಾಟು ಹತ್ತುವಾಗ ಅದೇ ಬಸ್ಸು ನಮ್ಮನ್ನು ಹಿಂದೆ ಹಾಕಿತು. ನಮ್ಮದು ಎರಡನೆಯ ಗೇರಿನಲ್ಲಿ ನರಳುತ್ತಿತ್ತು. ಮುಂದಿನ ಚಕ್ರಗಳಿಗೆ ಬಲ ಮುಟ್ಟಿಸುವ ಕಬ್ಬಿಣವೆಲ್ಲ ಗಾಡಿಯ ಹೊಟ್ಟೆಯಲ್ಲಿ ತೂಗುತ್ತಿದ್ದರೆ ಇನ್ನೇನಾದೀತು? ಲೀಟರಿಗೆ ಏಳು ಕಿಲೋಮೀಟರು, ಅದೂ ಇಳಿಜಾರಿದ್ದರೆ. ಘಾಟಿನ ತಲೆಯಲ್ಲಿ ಇಂಜಿನ್ನು ತಣ್ಣಗಾಗಲೆಂದು ನಿಂತೆವು. ಡಿಸೆಂಬರಿನ ಗಾಳಿ ಚುರುಕಾಗಿತ್ತು, ಕೆಳಗೆ ಕೆರೆ ಹೊಳೆಯುತ್ತಿತ್ತು. ಸಾಸವಡದಲ್ಲಿ ನಾವಿಬ್ಬರೂ ಚಹಾ ಕುಡಿದೆವು. ಅತ್ತೆಗೆ ಚಹಾನೂ ಇಲ್ಲ. ಜೇಜುರಿ ಇನ್ನು ಹದಿನೇಳು ಕಿಲೋಮೀಟರು, ಗಂಟೆ ಒಂಬತ್ತೂಕಾಲು. ಎಲ್ಲ ಸರಿಯಾಗಿಯೇ ಇತ್ತು.

ಊರು ಇನ್ನೇನು ಬಂತು ಎನ್ನುವಾಗ ನಮ್ಮವರು ಡಾಂಬರು ಬಿಟ್ಟು ಎಡಕ್ಕೆ ಕಚ್ಚಾರಸ್ತೆಗೆ ತಿರುಗಿಸಿದರು.

"ರೀ, ಎಲ್ಲಿ ಹೊಂಟ್ರಿ?"

"ನಮ್ಮ ಆಫೀಸಿನಾಂವ ಹೇಳ್ಯಾನ. ಹಿಂದಿನ ಕಡೆಯಿಂದ ಅರ್ಧಾ ಗುಡ್ಡದ ತನಕಾ ಗಾಡಿ ಹೋಗತದಂತ. ಫೋರ್ ವ್ಹೀಲ್ ಇದ್ರ ಅಷ್ಟ. ಅತ್ತಿ ಅಷ್ಟೆಲ್ಲಾ ಮೆಟ್ಟಲಾ ಹ್ಯಾಂಗ ಹತ್ತಬೇಕು?"

"ಮೆಟ್ಟಲದ ಹತ್ರ ಡೋಲಿಯವರು ಇರ್ತಾರಲ್ಲರಿ. ಎಲ್ಲಾ ಮುದುಕರೂ ಅದರಾಗ ಹೋಗ್ತಾರ."

"ಮನ್ಯಾಗ ಇಂಥಾ ಗಾಡಿ ಇಟಗೊಂಡು ಮಂದಿ ಹೆಗಲ ಮ್ಯಾಲೆ ಯಾಕ ಕೂಡಬೇಕು?"

ಪ್ರೀತಿಯಿಂದಲೇ ಮಾಡುತ್ತಿದ್ದರು, ಅದೇ ಕಷ್ಟ. ಸಿಟ್ಟು ಬಂದರೂ ಪೂರಾ ಬರುವುದಿಲ್ಲ.

ಒಂದು ಕಿಲೋಮೀಟರು ಹೋಗಿರಬಹುದು. ಮೇಲಿನ ಕಬ್ಬಿನ ಹೊಲಕ್ಕೆ ಯಾರೋ ಕಾಲುವೆ ನೀರು ಬಿಟ್ಟಿದ್ದರು. ಅದು ತುಂಬಿ ದಾರಿಗೆ ಹರಿದು, ಇಪ್ಪತ್ತು ಮಾರು ಉದ್ದಕ್ಕೆ ಕರಿಮಣ್ಣು ಕಲಸಿದ ಹಿಟ್ಟಿನಂತಾಗಿತ್ತು. ನಮ್ಮ ಗಾಡಿ ನಡುವಿಗೆ ಹೋಗಿ, ಹಿಂದಿನ ಚಕ್ರ ಗರಗರ ತಿರುಗಿ, ಅಲ್ಲೇ ಕೂತಿತು.

"ಈಗ ನೋಡು" ಎಂದು ನಮ್ಮವರು ನಕ್ಕರು. ಮೂರು ವರ್ಷ ಇದಕ್ಕಾಗಿಯೇ ಕಾದಂತಿತ್ತು ಆ ನಗು. ರಬ್ಬರ್ ಬ್ಯಾಂಡು ಬಿಚ್ಚಿ, ಪ್ಲಾಸ್ಟಿಕ್ ಚೀಲವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. ಲಿವರು ಎಳೆದರು. ಅದು ಬರಲಿಲ್ಲ. ಎರಡೂ ಕೈಯಿಂದ ಎಳೆದರು. ಕಾಲು ಕೊಟ್ಟು ಎಳೆದರು.

"ಸ್ವಲ್ಪ ಬಿಗಿ ಅದ."

"ಮೂರು ವರ್ಷ ಒಮ್ಮೆನೂ ಮುಟ್ಟಿಲ್ಲ, ಬಿಗಿ ಆಗದ ಮತ್ತೇನಾಗ್ತದ್ರಿ?"

"ಮುಟ್ಟಿಲ್ಲ ಅಂದ್ರ? ಪ್ರತಿ ರವಿವಾರ ಒರಸೇನಿ!"

ಹಿಂದಿನಿಂದ ಅತ್ತೆಯ ದನಿ ಬಂತು. "ಸುಧಾ, ಜೇಜುರಿ ಬಂತೇನ?"

"ಇಲ್ಲತ್ತಿ, ಕೆಸರು ಬಂತು."

ಮುಂದಿನ ಒಂದು ತಾಸನ್ನು ವಿವರವಾಗಿ ಬರೆಯುವುದಿಲ್ಲ. ಕಲ್ಲು ಹಾಕಿದೆವು, ಕಬ್ಬಿನ ರವದಿ ಹಾಕಿದೆವು, ಇಳಕಲ್ ಪರದೆಯನ್ನೂ ಹಾಕಬೇಕೆಂದಾಗ ನಾನು ಅಡ್ಡ ನಿಂತೆ. ನಮ್ಮವರು ಗಾಡಿಯ ಕೆಳಗೆ ಹೋಗಿ ಬಂದರೆ ಕಣ್ಣು ಮಾತ್ರ ಬಿಳಿ. ಗಂಟೆ ಹತ್ತೂಮುಕ್ಕಾಲು. ಗಂಗತ್ತೆ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು ಗುಡ್ಡದ ಕಡೆ ನೋಡುತ್ತ ಕೂತಿದ್ದಳು. ಗುಡಿಯ ಗದ್ದಲ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಆಕೆ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆಗ ಹಾಲಿನ ಕ್ಯಾನು ಕಟ್ಟಿಕೊಂಡ ಒಂದು ಮೊಪೆಡ್ಡು ಬಂತು. ಮೇಲೆ ಪಟಕಾ ಸುತ್ತಿದ ಐವತ್ತರ ಆಳು. ಹೆಸರು ದತ್ತೋಬಾ, ಪಕ್ಕದ ಹೊಲದವನು. ನಮ್ಮ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಸಾಹೇಬ, ಹೀ ವಾಟ ಬೈಲಾಂಚೀ" ಎಂದ. ಎತ್ತಿನ ದಾರಿಯಂತೆ, ಮುಂದೆ ಹಳ್ಳದಲ್ಲಿ ಮುಗಿದೇ ಹೋಗುತ್ತದಂತೆ. ಗುಡ್ಡಕ್ಕೆ ಹೋಗುವುದೇ ಇಲ್ಲ.

ನಮ್ಮವರು ಆಫೀಸಿನವನ ಹೆಸರು ಹೇಳಿ ಏನೋ ವಾದಕ್ಕೆ ನಿಂತರು. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು ಮರಾಠಿಯಲ್ಲಿ ಒಂದೇ ಮಾತು ಕೇಳಿದಳು: ಹನ್ನೆರಡರೊಳಗೆ ಮೆಟ್ಟಿಲ ಹತ್ತಿರ ಮುಟ್ಟಿಸುತ್ತೀಯಾ? ದತ್ತೋಬಾ ಗುಡ್ಡ ನೋಡಿದ, ಡಬ್ಬಿ ನೋಡಿದ, ಕ್ಯಾನು ಬಿಚ್ಚಿ ಬದುವಿನ ಮೇಲಿಟ್ಟ. "ಯಾ ಆಜೀ, ಬಸಾ." ಬರ್ರಿ ಅಜ್ಜಿ, ಕೂಡ್ರಿ ಎಂದ.

"ಅತ್ತಿ, ಮೊಪೆಡ್ ಮ್ಯಾಲೆ ಕೂಡ್ಲಿಕ್ಕೆ ಆಗತದೇನು?"

"ಪುಣೇದಾಗ ನಲವತ್ತು ವರ್ಷ ಇದ್ದೀನಿ. ನಿನ್ನ ಸ್ಕೂಟರ್ ಹಿಂದ ಕೂತು ಭಾಜಿ ತರಲಿಕ್ಕೆ ಬರಂಗಿಲ್ಲೇನು? ಸ್ಟೂಲ್ ಕೊಡು."

ಸ್ಟೂಲಿನ ಮೇಲಿಂದ ಇಳಿದು, ಅಡ್ಡ ಕೂತು, ಡಬ್ಬಿಯನ್ನು ಮಡಿಲಿಗೇರಿಸಿ, ದತ್ತೋಬಾನ ಹೆಗಲು ಹಿಡಿದಳು. ಮೊಪೆಡ್ಡು ಕೆಸರಿಗೆ ಇಳಿಯಲೇ ಇಲ್ಲ. ಒಂದು ಮೊಳ ಅಗಲದ ಬದುವಿನ ಮೇಲೆ ಪಟಪಟ ಎಂದು ಹೊರಟುಹೋಯಿತು. "ಏಳುಕೋಟಿ, ಏಳುಕೋಟಿ" ಎಂದು ಅತ್ತೆ ಮೈಲಾರನ ಜಯಕಾರ ಕೂಗಿದ್ದು ಕಬ್ಬಿನ ಆಚೆಯಿಂದ ಕೇಳಿಸಿತು. ಆ ಮೊಪೆಡ್ಡಿನಲ್ಲಿ ಬಲವಿರುವ ಚಕ್ರ ಒಂದೇ ಒಂದು. ಇದನ್ನು ನಾನು ಗಟ್ಟಿಯಾಗಿಯೇ ಹೇಳಿದೆ.

ಸ್ಟೂಲನ್ನು ನಮ್ಮವರು ಚಕ್ರದ ಕೆಳಗೆ ಕೊಟ್ಟರು. ಅದು ಎರಡು ಹೋಳಾಯಿತು.

ಎರಡು ಗಂಟೆಗೆ ದತ್ತೋಬಾ ಕಳಿಸಿದ ಟ್ರ್ಯಾಕ್ಟರು ಬಂದು ನಮ್ಮನ್ನು ಹಿಂದಕ್ಕೆ ಎಳೆಯಿತು. ಅದರ ಡ್ರೈವರು ಲಿವರಿನ ಬುಡಕ್ಕೆ ಎಣ್ಣೆ ಬಿಟ್ಟು, ನೆನೆಯಲಿ, ಸಡಿಲಾಗುತ್ತದೆ ಎಂದು ಹೋದ. ಬಂದ ದಾರಿಯಲ್ಲೇ ಡಾಂಬರಿಗೆ ಮರಳಿದೆವು. ಅಲ್ಲಿಂದ ಮೆಟ್ಟಿಲಿನ ಬುಡಕ್ಕೆ ಹತ್ತೇ ನಿಮಿಷ. ಕಟ್ಟೆಯ ಮೇಲೆ ಗಂಗತ್ತೆ ನೆತ್ತಿಯಿಂದ ಪಾದದವರೆಗೆ ಭಂಡಾರದ ಅರಿಶಿನದಲ್ಲಿ ಮಿಂದು ಕೂತಿದ್ದಳು. ಡೋಲಿಯವರು ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮೇಲೆ ಮುಟ್ಟಿಸಿದ್ದರಂತೆ. ನಮಗಾಗಿ ಡಬ್ಬಿಯ ತಳದಲ್ಲಿ ಭರ್ತ ಉಳಿಸಿದ್ದಳು.

"ಗುರ್ತು ಹಿಡದಾನೇನತ್ತಿ?" ಎಂದೆ.

"ಹಿಡೀದ ಏನು? 'ಹೋದ ವರ್ಷ ಎಲ್ಲಿದ್ದೀ' ಅಂತ ಕೇಳೇ ಕೇಳಿದಾ." ಆಮೇಲೆ ಕೆಸರಿನ ಗೊಂಬೆಯಾಗಿ ನಿಂತ ನಮ್ಮವರ ಹಣೆಗೆ ಭಂಡಾರ ಹಚ್ಚಿದಳು. "ಉಣ್ರಿ ಶ್ರೀಧರರಾವ್, ದಣದೀರಿ."

ಅವರು ತಲೆ ತಗ್ಗಿಸಿ ಉಂಡರು. ನನಗೂ ಬೈಯುವ ಮನಸ್ಸು ಹೋಯಿತು. ಸ್ಟೂಲಿಲ್ಲದ್ದರಿಂದ ಡೋಲಿಯವರೇ ಅತ್ತೆಯನ್ನು ಎತ್ತಿ ಗಾಡಿಯಲ್ಲಿ ಕೂಡ್ರಿಸಿದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಸಾಸವಡ ದಾಟಿದ ಮೇಲೆ, ಅಂಗೈಯಷ್ಟು ನುಣುಪಾದ ಡಾಂಬರು ರಸ್ತೆಯಲ್ಲಿ, ನಮ್ಮವರು ಮೆಲ್ಲಗೆ ಲಿವರಿನ ಮೇಲೆ ಕೈಯಿಟ್ಟರು.

"ಬ್ಯಾಡ್ರಿ" ಎಂದೆ.

"ನೋಡತೀನಿ ಅಷ್ಟ."

ಖಟ್ ಎಂದಿತು. ಎಣ್ಣೆ ಕೆಲಸ ಮಾಡಿತ್ತು. ನಾಲ್ಕೂ ಚಕ್ರಗಳು ಮೂರು ವರ್ಷದಲ್ಲಿ ಮೊದಲ ಬಾರಿ ಒಟ್ಟಿಗೆ ತಿರುಗಿದವು, ಕೆಸರಿನ ಒಂದು ಹನಿಯೂ ಇಲ್ಲದ ಜಾಗದಲ್ಲಿ. ಅವರ ಮುಖ ಅರಳಿತು. ಮರಳಿ ತೆಗೆಯಲು ಹೋದರೆ ಲಿವರು ಅಲ್ಲೇ ಗಟ್ಟಿಯಾಗಿ ಕೂತಿತ್ತು. ಗುಡ್ಡ ಹತ್ತುವ ನಿಧಾನದ ಗೇರಿನಲ್ಲಿ, ಪ್ರತಿ ತಿರುವಿಗೂ ಟಾಯರು ಕಿರುಚುತ್ತ, ದಿವೆ ಘಾಟು ಇಳಿದೆವು. ಕೆಂಪು ಬಸ್ಸುಗಳು ಹಿಂದೆ ಹಾಕಿದವು, ಟೆಂಪೋಗಳು ಹಾಕಿದವು, ಹಡಪಸರದಲ್ಲಿ ಸೈಕಲ್ಲಿನವನೊಬ್ಬ ಹಾಕಿ ತಿರುಗಿಯೂ ನೋಡಿದ. ಗಂಗತ್ತೆ ಮಾತ್ರ ಕೂಡಿಸಿದ ಬೆಂಚುಗಳ ಮೇಲೆ ಕಾಲು ಚಾಚಿ ಹಾಯಾಗಿ ನಿದ್ದೆ ಮಾಡಿದಳು. ಆ ಗಾಡಿಯಲ್ಲಿ ಹಾಸಿಗೆ ನಿಜಕ್ಕೂ ಉಪಯೋಗದ್ದು, ಅದನ್ನು ಒಪ್ಪುತ್ತೇನೆ. ಸೊಸೈಟಿಯ ಗೇಟಿನಲ್ಲಿ ಎಚ್ಚೆತ್ತು ಹೇಳಿದಳು: "ಮುಂದಿನ ವರ್ಷಕ್ಕ ಆ ದತ್ತೋಬಾಗ ಈಗ ಹೇಳಿಡ್ರಿ."

ನಮ್ಮ ಸೊಸೈಟಿಯಲ್ಲಿ ಇಬ್ಬರು ಇಂಥದೇ ಮಲಗುವ ಗಾಡಿ ಕಟ್ಟಿಸುವ ವಿಚಾರದಲ್ಲಿದ್ದಾರೆ. ಫೋರ್ ವ್ಹೀಲ್ ಬೇಕೋ ಬೇಡವೋ ಎಂದು ನನ್ನನ್ನು ಕೇಳುತ್ತಾರೆ. ಬೇಡ, ತಗ್ಗಿನ ಗಾಡಿ ತಗೊಳ್ಳಿ, ದಾರಿಯನ್ನು ಆ ಊರಿನವರಿಗೆ ಕೇಳಿ ಎನ್ನುತ್ತೇನೆ. ನಮ್ಮವರನ್ನು ಕೇಳಿದವರಿಗೆ ಬೇರೆ ಉತ್ತರ ಸಿಗುತ್ತದೆ.

ಮರುದಿನ ಬೆಳಿಗ್ಗೆ ಹಾಲು ತರಲು ಇಳಿದಾಗ ಅವರು ಆಗಲೇ ಗಾಡಿಯಲ್ಲಿ ಕೂತಿದ್ದರು. ಲಿವರು ಬಿಡಿಸುತ್ತಿದ್ದಾರೆಂದು ಹತ್ತಿರ ಹೋದೆ. ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರ ಮಡಿಕೆ ಬಿಡಿಸಿ, ಹಳದಿ ಗುಂಡಿಗೆ ತೊಡಿಸುತ್ತಿದ್ದರು.

"ಏನ್ರಿ ಇದು?"

"ಈಗ ಚಾಲೂ ಆಗೇದಲ್ಲ" ಎಂದರು, ರಬ್ಬರ್ ಬ್ಯಾಂಡು ಎರಡು ಸುತ್ತು ಹಾಕುತ್ತ. "ಧೂಳ ಕೂಡಬಾರದು."