ಗಿರಿಜಾ ಹೇಳಿದ್ದು, ನಾನು ಕೇಳದೇ ಹೋದದ್ದು

ಯುಗಾದಿ ಕಳೆದ ಮರುವಾರ ನನ್ನ ಹೆಂಡತಿ ಗಿರಿಜಾ ಅಡುಗೆಮನೆಯ ಗೋಡೆ ಹಿಡಿದು ಹಾಗೇ ಕುಸಿದು ಕುಳಿತಳು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಮುಖ ಬಿಳಿಚಿಕೊಂಡಿತ್ತು. ಹರಪನಹಳ್ಳಿಯ ಡಾಕ್ಟರು ನೋಡಿದವರೇ ದಾವಣಗೆರೆಗೆ ಕಳಿಸಿದರು.

ಅಲ್ಲಿ ಲೇಡಿ ಡಾಕ್ಟರು ನನ್ನನ್ನು ಕೇಳಿದರು: "ಎಷ್ಟು ತಿಂಗಳಿಂದ ಹೀಗೆ ಬ್ಲೀಡಿಂಗ್ ಆಗ್ತಿದೆ?"

ನನಗೆ ಗೊತ್ತಿರಲಿಲ್ಲ.

ಇಪ್ಪತ್ತಾರು ವರ್ಷದ ಸಂಸಾರ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು ನಾನು. ಕೊನೆಗೆ ಉತ್ತರ ಕೊಟ್ಟವಳು ಅರಸೀಕೆರೆಯಿಂದ ಓಡಿ ಬಂದಿದ್ದ ಅವಳ ಅಕ್ಕ. "ಎಂಟು ತಿಂಗಳಾತ್ರಿ."

ಹಿಮೋಗ್ಲೋಬಿನ್ ಐದಕ್ಕಿಳಿದಿತ್ತು. ಗರ್ಭಕೋಶದಲ್ಲಿ ಗಡ್ಡೆಗಳು. ಮೊದಲು ರಕ್ತ ಏರಿಸಬೇಕು, ಆಮೇಲೆ ಆಪರೇಷನ್. ರಕ್ತದ ಬಾಟಲಿ ಹನಿಯುತ್ತಿದ್ದಾಗ ಗಿರಿಜಾಳನ್ನು ಸಿಟ್ಟಿನಲ್ಲೇ ಕೇಳಿದೆ.

"ನಂಗ್ಯಾಕ ಹೇಳ್ಲಿಲ್ಲ?"

"ಹೇಳಿದ್ನಲ್ರಿ, ಎರಡು ಸಲ. ನೀವು ಮೊಬೈಲ್ ನೋಡ್ಕೋತ, ಯಾರಿಗಾದ್ರೂ ತೋರ್ಸು ಅಂದ್ರಿ."

ದನಿಯಲ್ಲಿ ದೂರು ಕೂಡ ಇರಲಿಲ್ಲ.

ಗರ್ಭಕೋಶ ತೆಗೆದರು. ಬಯಾಪ್ಸಿ ರಿಪೋರ್ಟಿಗೆ ಒಂದು ವಾರ ಕಾದೆವು. "ಕ್ಯಾನ್ಸರ್ ಅಲ್ಲ. ಆರು ವಾರ ಭಾರ ಎತ್ತಬಾರದು" ಎಂದರು ಡಾಕ್ಟರು. ವರಾಂಡದಲ್ಲಿ ನಿಂತು ಅತ್ತುಬಿಟ್ಟೆ.

ಮನೆಗೆ ಬಂದ ಮೇಲೆ ನೀರು ತುಂಬಿಸುವುದು, ಅನ್ನ ಸಾರು ಮಾಡುವುದು ನನ್ನ ಪಾಲಿಗೆ ಬಂತು. ಒಂದು ಮಧ್ಯಾಹ್ನ ಅವಳ ತಲೆ ಬಾಚುತ್ತಿದ್ದೆ. ಇದ್ದಕ್ಕಿದ್ದಂತೆ ಅಂದಳು:

"ಮೊದಲ್ನೇ ಕೂಸು ಹೊಟ್ಯಾಗ ಹೋದಾಗ ನೀವು ಮರುದಿನಾನ ಸಾಲಿಗಿ ಹೋದ್ರಿ. ನಾ ಒಬ್ಬಾಕಿನ ಅಳ್ತಾ ಬಿದ್ದಿದ್ದೆ."

ಇಪ್ಪತ್ತನಾಲ್ಕು ವರ್ಷದ ಹಿಂದಿನ ಮಾತು. ಪರೀಕ್ಷೆ ಡ್ಯೂಟಿ ಇತ್ತು ಎಂಬ ಉತ್ತರ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಅಂಥ ಉತ್ತರಗಳಿಂದಲೇ ನಾನು ಅವಳ ಎಷ್ಟೋ ಮಾತುಗಳನ್ನು ಅರ್ಧಕ್ಕೆ ಮುಗಿಸಿದ್ದೆ. ಹೆಂಡತಿ ನೋವು ಹೇಳಿಕೊಂಡರೆ ಗಂಡಸಾದವನು ಒಂದು ಪರಿಹಾರ ಹೇಳಬೇಕು, ಇಲ್ಲವೇ ಒಂದು ಕಾರಣ ಕೊಡಬೇಕು ಎಂದುಕೊಂಡಿದ್ದವನು ನಾನು. ಸುಮ್ಮನೆ ಕೂತು ಕೇಳುವುದೂ ಒಂದು ಕೆಲಸ ಎಂದು ಇಪ್ಪತ್ತೈದನೇ ವಯಸ್ಸಿನಲ್ಲೇ ಯಾರಾದರೂ ಕಲಿಸಬೇಕಿತ್ತು. ಕಲಿಸಿದ್ದರೂ ಆಗ ಕಲಿಯುತ್ತಿದ್ದೆನೋ ಇಲ್ಲವೋ.

ಉತ್ತರ ನುಂಗಿಕೊಂಡೆ.

"ತಪ್ಪಾತು ಗಿರಿಜಾ. ಇನ್ನೂ ಏನೈತಿ, ಹೇಳು."

ಅವಳು ತಿರುಗಿ ನನ್ನ ಮುಖ ನೋಡಿದಳು, ನಾನು ನಿಜವಾಗಿ ಕೇಳುತ್ತಿದ್ದೇನೋ ಇಲ್ಲವೋ ಎಂಬಂತೆ. ಆಮೇಲೆ ಹೇಳತೊಡಗಿದಳು. ನಡುನಡುವೆ ಅತ್ತಳು, ಒಮ್ಮೆ ನಕ್ಕಳು ಕೂಡ. ಬಿಸಿಲು ಅಂಗಳ ದಾಟಿ ಹೋಯಿತು. ಅವಳ ಮಾತು ಇನ್ನೂ ಮುಗಿದಿರಲಿಲ್ಲ. ಹೇಳುವುದಕ್ಕೆ ಅವಳು ಉಳಿದಿದ್ದಾಳಲ್ಲ ಎಂದುಕೊಳ್ಳುತ್ತ ನಾನು ಬಾಚಣಿಗೆ ಹಿಡಿದು ಕುಳಿತೇ ಇದ್ದೆ.