ಮಾತ್ರೆ ಮಾತು

ನಮ್ಮ ಮನೆಯಲ್ಲಿ ನನ್ನ ಸಿಟ್ಟಿಗೊಂದು ಹೆಸರಿತ್ತು: ಮಾತ್ರೆ ಮಾತು. ಹೆಸರಿಟ್ಟವರು ಗುಬ್ಬಿ ಕಡೆಯ ನನ್ನ ಅತ್ತೆ. ಮೂರ್ಛೆ ರೋಗಕ್ಕೆಂದು ನಾನು ನುಂಗುತ್ತಿದ್ದ ಮಾತ್ರೆ ಕೆಲವರಿಗೆ ವಿಪರೀತ ಸಿಟ್ಟು ತರಿಸುತ್ತದೆ ಎಂದು ಡಾಕ್ಟರಮ್ಮ ಹೇಳಿದಾಗ ಅವರು ಪಕ್ಕದಲ್ಲೇ ಕುಳಿತಿದ್ದರು. ಅಂದಿನಿಂದ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ನಾನು ಏನಂದರೂ ಮಾಫಿ. ತಟ್ಟೆ ಕುಕ್ಕಿದರೂ, ಹಿರೇಹಳ್ಳಿಯ ಫ್ಯಾಕ್ಟರಿಯಿಂದ ದಣಿದು ಬಂದ ಗಂಡನ ಮೇಲೆ ಹರಿಹಾಯ್ದರೂ ಅತ್ತೆಯದು ಒಂದೇ ಸಮಾಧಾನ. "ಬುಡಪ್ಪ, ಅವ್ಳಲ್ಲ, ಮಾತ್ರೆ ಮಾತಾಡ್ತೈತೆ."

ಡಾಕ್ಟರಮ್ಮ ಈ ಮಾತ್ರೆಗಳ ಅಡ್ಡಪರಿಣಾಮದ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದರು. ನಾನೂ ಒಪ್ಪಿ ಸೇರಿಕೊಂಡೆ. ಹಳೆಯ ಮಾತ್ರೆಯನ್ನು ನಿಧಾನಕ್ಕೆ ಇಳಿಸಿ ಬೇರೆಯದಕ್ಕೆ ಬದಲಿಸಿದರು. ಸಿಟ್ಟು ಇಳಿಯಿತೋ ಇಲ್ಲವೋ ಎಂದು ರೋಗಿಯನ್ನಷ್ಟೇ ಕೇಳಿದರೆ ಸಾಲದು, ಜೊತೆಗಿರುವವರನ್ನೂ ಕೇಳಬೇಕಂತೆ. ನನ್ನ ಜೊತೆಗಿರುವವರೆಂದು ಅತ್ತೆಯ ಹೆಸರು ಕೊಟ್ಟಿದ್ದೆ. "ಮಾತ್ರೆ ಬದಲಾಗಿದ್ದು ಅವರಿಗೆ ಹೇಳಿದೀರ ತಾನೆ?" ಎಂದು ಡಾಕ್ಟರಮ್ಮ ಕೇಳಿದರು. ಹೂಂ ಎಂದೆ. ಹೇಳಿರಲಿಲ್ಲ. ಹೊಸ ಮಾತ್ರೆಗಳನ್ನು ಹಳೆಯ ಸ್ಟೀಲ್ ಡಬ್ಬಿಗೇ ಹಾಕಿಟ್ಟಿದ್ದೆ. ಮಾಫಿಯ ರುಚಿ ಹತ್ತಿತ್ತು.

ನಿಜ ಹೇಳಬೇಕೆಂದರೆ ಹೊಸ ಮಾತ್ರೆಯಲ್ಲಿ ತಲೆ ತಿಳಿಯಾಗಿತ್ತು. ಸಿಟ್ಟು ಬಂದರೂ ಅದು ಬರುವುದು ಗೊತ್ತಾಗುತ್ತಿತ್ತು, ಬೇಕೆಂದರೆ ತಡೆಯಬಹುದಿತ್ತು. ಹಾಗಿರುವಾಗ ಒಂದು ಭಾನುವಾರ ಕುಣಿಗಲ್‌ನಿಂದ ಅತ್ತೆಯ ತಂಗಿ ಬಂದರು. ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತೆ ಎಂದಿನಂತೆ, "ಮಾತ್ರೆ ನುಂಗ್ದೇನಮ್ಮ?" ಎಂದರು. ನೆಂಟರ ಎದುರು ಕೇಳಿದರಲ್ಲ ಎಂದು ಮೈಯೆಲ್ಲ ಉರಿದುಹೋಯಿತು.

"ಎರಡು ಹೊತ್ತು ಅನ್ನ ಹಾಕ್ತಿದೀವಲ್ಲ, ತಿನ್ಕೊಂಡು ತೆಪ್ಪಗೆ ಬಿದ್ದಿರಿ," ಎಂದೆ.

ಬಾಯಿ ತಪ್ಪಿ ಬಂದದ್ದಲ್ಲ. ಎಲ್ಲಿ ನಾಟುತ್ತದೆ ಎಂದು ಗೊತ್ತಿದ್ದೇ ಆಡಿದ ಮಾತು.

ತಂಗಿಯ ತುತ್ತು ಕೈಯಲ್ಲೇ ನಿಂತಿತು. ಅತ್ತೆ ತಂಗಿಯ ಮುದ್ದೆಗೆ ಇನ್ನೊಂದು ಸೌಟು ಸಾರು ಬಿಟ್ಟು, "ನೀನ್ ಉಣ್ಣೇ. ಅದು ಮಾತ್ರೆ ಮಾತು. ನಮ್ ಹುಡ್ಗಿ ಚಿನ್ನ ಕಣೇ," ಎಂದರು. ಚಿನ್ನದಂಥ ಹುಡುಗಿಗೆ ಆಮೇಲೆ ಊಟ ಸೇರಲಿಲ್ಲ.

ಆ ವಾರವೇ ಡಾಕ್ಟರಮ್ಮ ಅತ್ತೆಗೆ ಫೋನ್ ಮಾಡುವವರಿದ್ದರು. ಸಿಟ್ಟು ಹಂಗೇ ಐತೆ ಎಂದು ಅತ್ತೆ ಹೇಳುವುದು ಖಂಡಿತ. ನನ್ನ ನಾಲಿಗೆಯ ಹೊಲಸನ್ನು ಪಾಪದ ಹೊಸ ಮಾತ್ರೆ ಹೊರಬೇಕು. ಅತ್ತೆಯ ಮಾತು ನಂಬಿ ಡಾಕ್ಟರಮ್ಮ, ಈ ಮಾತ್ರೆಯಿಂದ ಸುಖವಾಗಿ ಇರಬಹುದಾದ ಯಾರಿಗೋ ಅದನ್ನು ಕೊಡದೆಯೂ ಇರಬಹುದು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮಂಗಳವಾರ ಸಂಜೆ ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಎದುರಿಗೆ ಕೂತು ಹೇಳಿದೆ. "ಅತ್ತೆ, ಮಾತ್ರೆ ಬದಲಾಗಿ ಎರಡು ತಿಂಗಳಾಯ್ತು. ಡಬ್ಬೀಲಿರೋದು ಹಳೇದಲ್ಲ. ಇದ್ರಲ್ಲಿ ನಂಗೆ ಆ ಥರ ಸಿಟ್ಟು ಬರಲ್ಲ."

ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಕೈಯಲ್ಲಿದ್ದ ಕಡ್ಡಿಯ ಎಲೆಗಳನ್ನೆಲ್ಲ ಬಿಡಿಸಿ ಮುಗಿಸಿದರು.

"ಹಂಗಾರೆ ಭಾನ್ವಾರ ಅಂದಿದ್ದು ನೀನೇನಾ?"

ಹೂಂ ಎಂದೆ. ಈ ಸಲದ ಹೂಂ ನಿಜವಾಗಿತ್ತು.

ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದರು. ಮಾತ್ರೆ ನುಂಗಿದೆಯಾ ಎಂದು ಅವರು ಆಮೇಲೆ ನನ್ನನ್ನು ಕೇಳಿಲ್ಲ.