ಏಳುವ ಮುಂಚಿನ ಹತ್ತು ನಿಮಿಷ

ತೆಲಿಗಿಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಪಕ್ಕೀರಮ್ಮನಿಗೆ ಏಪ್ರಿಲ್ ಬಿಸಿಲಿನಲ್ಲೂ ಚಳಿ. ಊರೆಲ್ಲ ಉಸ್ಸೆಂದು ಬೆವರೊರೆಸುವಾಗ ಇವಳು ಕೌದಿ ಹುಡುಕುವಳು. ಎಂಟು ವರ್ಷದಿಂದ ಮೈಕೈ ಭಾರ. ಕೂತರೆ ಏಳಲಾರಳು, ಎದ್ದರೆ ನಿಲ್ಲಲಾರಳು. ಗಂಡ ಉಜ್ಜಿನಪ್ಪ ಅದಕ್ಕೆ ಒಂದೇ ಹೆಸರಿಟ್ಟಿದ್ದ, ಮೈಗಳ್ಳತನ. ಕೇಳಿ ಕೇಳಿ ಅವಳೂ ಅದನ್ನೇ ನಂಬಿದ್ದಳು. ಬೇರೆಯವರು ಬೈದರೆ ಅಳಬಹುದು, ತನ್ನನ್ನು ತಾನೇ ಬೈದುಕೊಂಡರೆ ಯಾರ ಮುಂದೆ ಅಳುವುದು?

ಮಗಳು ಸಮತಾ ಹರಪನಹಳ್ಳಿಯ ದವಾಖಾನೆಯೊಂದರಲ್ಲಿ ನರ್ಸು. ಅವ್ವನ ಊದಿದ ಮುಖ, ಉದುರುವ ಕೂದಲು ನೋಡಿ ಅವಳಿಗೆ ಥೈರಾಯ್ಡಿನ ಗುಮಾನಿ. ಬಂದು ತಪಾಸಣೆಗೆ ರಕ್ತ ಕೊಡು ಎಂದರೆ, "ಜ್ವರಾನ ಇಲ್ಲ, ಏನಂತ ರಜಾ ಕೇಳ್ಲಿ?" ಎನ್ನುವಳು ಪಕ್ಕೀರಮ್ಮ. ಕೊನೆಗೆ ಮಗಳು ಜ್ವರದ ಕಡ್ಡಿ ಕೊಟ್ಟು, "ದಿನಾ ಬೆಳಿಗ್ಗಿ ಮೈಶಾಖ ನೋಡಿ ಬರದಿಡು. ಥೈರಾಯ್ಡ್ ಕುಂದಿದ್ರ ಮೈ ತಣ್ಣಗಿರತೈತಿ. ಶಾಖ ಕಮ್ಮಿ ಇದ್ರ ರಕ್ತ ಕೊಡಾಕ ಬರಬೇಕು ನೋಡು" ಎಂದಳು.

ಹತ್ತು ದಿನ ಕ್ಯಾಲೆಂಡರಿನ ಮೇಲೆ ಬರೆದಳು. ತೊಂಬತ್ತೆಂಟೂವರೆ, ತೊಂಬತ್ತೊಂಬತ್ತು. ಉಜ್ಜಿನಪ್ಪ ಓದಿ ನಕ್ಕ. "ಗುಂಡುಕಲ್ಲು ಇದ್ದಂಗ ಅದೀ!" ಜಡ್ಡಿಲ್ಲವೆಂಬ ಸುದ್ದಿಗೂ ಇಷ್ಟು ದುಃಖವಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಭಾನುವಾರ ಬಂದ ಸಮತಾ ಕ್ಯಾಲೆಂಡರ್ ನೋಡಿ ಹುಬ್ಬು ಗಂಟಿಕ್ಕಿದಳು.

"ಯವ್ವಾ, ಯಾವಾಗ ಇಟ್ಕೊಂತಿ ಕಡ್ಡೀನ?"

"ರೊಟ್ಟಿ ಬಡದು, ಚಾ ಕುಡದು, ಒಲಿ ಮುಂದ ಕುಂತಾಗ. ಅದಕ್ಕೂ ಮೊದ್ಲ ಪುರಸೊತ್ತು ಎಲ್ಲೈತಿ?"

ಸಮತಾ ಹಣೆ ಚಚ್ಚಿಕೊಂಡಳು. "ನೀ ಬರದಿದ್ದು ಒಲಿ ಶಾಖ, ಚಾದ ಶಾಖ! ಹಾಸಿಗಿ ಬಿಟ್ಟು ಏಳೋಕಿಂತ ಮುಂಚೆ ಇಟ್ಕೋಬೇಕು. ಹತ್ತು ನಿಮಿಷ ಸುಮ್ನ ಮಲ್ಕೊಂಡು."

"ಎಚ್ಚರಾದ ಮ್ಯಾಲೂ ಮಲ್ಕೊಳ್ಳಾದಾ?"

ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಅಂಥ ಹತ್ತು ನಿಮಿಷ ಅವಳಿಗೆ ಸಿಕ್ಕಿದ್ದು ಬಾಣಂತನದಲ್ಲಿ ಮಾತ್ರ.

ಮರುದಿನ ಎಚ್ಚರವಾದರೂ ಏಳಲಿಲ್ಲ. ಏನೋ ಕದ್ದವಳಂತೆ ಕೌದಿಯೊಳಗೆ ಮುದುರಿದಳು. "ಇನ್ನಾ ಎದ್ದಿಲ್ಲೇನು?" ಎಂದು ಗಂಡ ಹೊರಗಿನಿಂದ ಕೂಗಿದ. ಬಾಯಲ್ಲಿ ಕಡ್ಡಿ, ಉತ್ತರ ಕೊಡುವಂತಿರಲಿಲ್ಲ. ತೊಂಬತ್ತಾರು ಬಂತು. ಮುಂದಿನ ಐದು ದಿನವೂ ಹೆಚ್ಚುಕಮ್ಮಿ ಅಷ್ಟೇ.

ಮಗಳ ಮಾತಿನಂತೆ ಹರಪನಹಳ್ಳಿಗೆ ಹೋಗಿ ರಕ್ತ ಕೊಟ್ಟಳು. ವರದಿ ಬಂದ ದಿನ ಉಜ್ಜಿನಪ್ಪನೂ ಜೊತೆಗಿದ್ದ.

"ಬರೀ ಕಡ್ಡಿ ನಂಬಾಕಾಗಲ್ಲಮ್ಮ, ರಕ್ತಾನ ಹೇಳಬೇಕು," ಎಂದರು ಡಾಕ್ಟರಮ್ಮ. "ಹೇಳೇತಿ. ಥೈರಾಯ್ಡ್ ಭಾಳ ಕಮ್ಮಿ ಆಗೇತಿ. ಈ ಗುಳಿಗಿ ದಿನಾ ಖಾಲಿ ಹೊಟ್ಟಿಗೆ."

"ಎಷ್ಟು ದಿನ ರೀ?"

"ಜೀವ ಇರೋತನ."

"ರೊಟ್ಟಿ ಬಡಿಯಾದೂ ಅಷ್ಟ ಬಿಡ್ರಿ," ಎಂದಳು ಪಕ್ಕೀರಮ್ಮ.

ವಾಪಸ್ ಬಸ್ಸಿನಲ್ಲಿ ಉಜ್ಜಿನಪ್ಪ ಇಬ್ಬರ ಟಿಕೀಟು ತೆಗೆಸಿದ. ಆಮೇಲೆ ಮೆಲ್ಲಗೆ ಕೇಳಿದ, "ಮೊದ್ಲ ಹೇಳಬಾರದಾಗಿತ್ತಾ?"

"ಎಂಟು ವರ್ಷ ಹೇಳೀನ್ರಿ. ನೀವು ಅದಕ್ಕ ಬ್ಯಾರೆ ಹೆಸರಿಟ್ರಿ."

ಅಷ್ಟು ಹೇಳಿ ಸೆರಗು ಹೊದ್ದು ಕಣ್ಣು ಮುಚ್ಚಿದಳು. ತೆಲಿಗಿ ಬರುವವರೆಗೂ ಅವನು ಎಬ್ಬಿಸಲಿಲ್ಲ.